ಮರದ ಕೆಳಗೆ ನಿಲ್ಲಬೇಡ ಎಂದ ದಿನ

ಬೇಸಿಗೆ ಬಂದರೆ ಅಪ್ಪ ಮತ್ತು ಅಣ್ಣ ಕುರಿ ಹೊಡೆದುಕೊಂಡು ಜಗಳೂರಿನಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ಹೋಗುತ್ತಾರೆ. ರಾತ್ರಿ ಯಾರದಾದರೂ ಖಾಲಿ ಹೊಲದಲ್ಲಿ ಮಂದೆ ತರುಬಿ ನಿಲ್ಲಿಸಿದರೆ ಅವರ ನೆಲಕ್ಕೆ ಹಿಕ್ಕೆಯ ಗೊಬ್ಬರ, ನಮಗೆ ಕಾಳು. ಮನೆಯಲ್ಲಿ ಉಳಿಯುವುದು ಅವ್ವ ಮತ್ತು ನಾನು. ದಿನಾ ಬೆಳಿಗ್ಗೆ ಈ ನಾಲ್ಕೂ ತಾಲ್ಲೂಕಿನ ಹವಾಮಾನ ಮುನ್ಸೂಚನೆಯನ್ನು ತಾರೀಖು ಹಾಕಿ ಬರೆದುಕೊಂಡು, ಅಪ್ಪನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಕೇಳಿದ ಮೇಲೆ ಅವನು ಚಾರ್ಜ್ ಉಳಿಸಲು ಫೋನ್ ಆಫ್ ಮಾಡಿಬಿಡುತ್ತಾನೆ.

ಈ ಮೇ ತಿಂಗಳ ಒಂದು ಮಂಗಳವಾರ, ಮುಂದಿನ ಮೂರು ದಿನ ಜಗಳೂರಿಗೆ ತೀವ್ರ ಬಿಸಿಲು, ಉಳಿದ ಮೂರು ತಾಲ್ಲೂಕಿಗೆ ಗುಡುಗು ಸಿಡಿಲಿನ ಭಾರಿ ಮಳೆ ಎಂದಿತ್ತು. ಅಪ್ಪ ಆಗ ನ್ಯಾಮತಿ ತಾಲ್ಲೂಕಿನ ಸವಳಂಗದ ಹತ್ತಿರದ ಹೊಲವೊಂದರಲ್ಲಿದ್ದ. ಅಲ್ಲಿದ್ದದ್ದು ಒಂದೇ ಬೇವಿನ ಮರ. ಎಳೇ ಮರಿಗಳನ್ನು ಅದರ ಬುಡದಲ್ಲಿ ಬುಟ್ಟಿ ಬೋರಲು ಹಾಕಿ ಮುಚ್ಚಿಟ್ಟಿದ್ದರು. ಬೇರೆ ಕಡೆ ಹೋಗು ಎಂದೆ. ಇನ್ನೂ ಎರಡು ರಾತ್ರಿ ತರುಬುತ್ತೇವೆಂದು ಹೊಲದವರಿಗೆ ಮಾತು ಕೊಟ್ಟಾಗಿದೆ, ನಡುವೆ ಎದ್ದರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ ಎಂದ.

“ಹಂಗಾದ್ರೆ ಸಿಡ್ಲು ಶುರುವಾದ್ರೆ ಮರದ ಕೆಳಗೆ ಮಾತ್ರ ನಿಲ್ಬ್ಯಾಡಪ್ಪಾ.”

“ನಾನು ಬಯಲಾಗೆ ಕುಂದರ್ತೀನಿ ಬಿಡು. ಮರಿಗಳ್ನ ಎಲ್ಲಿಗೆ ಒಯ್ಲವ್ವಾ?”

ಅವುಗಳನ್ನೂ ಮರದಿಂದ ಈಚೆ ತೆಗೆದುಕೋ ಎಂದೆ. ಫೋನ್ ಆಫ್ ಆಯಿತು.

ಮಧ್ಯಾಹ್ನ ನಮ್ಮ ಮನೆಯ ತಗಡು ಮುಟ್ಟಲಾಗದಷ್ಟು ಕಾದಿತ್ತು. ಅವ್ವ ಕಟ್ಟಿದ್ದ ಎರಡು ಆಡುಗಳ ಮೇಲೆ ಗೋಣಿಚೀಲ ನೆನೆಸಿ ಹೊದಿಸುತ್ತಿದ್ದಳು. ಹೊದಿಸಿ ತಿರುಗುವಷ್ಟರಲ್ಲಿ ಒಣಗುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಇಂಥ ಬಿಸಿಲಿನಲ್ಲಿ ನಿಂತು, ಅಪ್ಪ ಮಳೆಯಲ್ಲಿ ಸಿಕ್ಕಿಕೊಂಡಿರಬಹುದು ಎಂದು ಹೆದರುವುದು ನನಗೇ ವಿಚಿತ್ರವೆನಿಸಿತು. ಸಂಜೆ ದಿನದಂತೆ ಅಪ್ಪನ ಫೋನ್ ಬರಬೇಕಿತ್ತು, ಬರಲಿಲ್ಲ. ಅಣ್ಣನ ನಂಬರ್ ಕೂಡ ಹತ್ತಲಿಲ್ಲ. ನ್ಯಾಮತಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಅಲ್ಲಿ ಮಳೆ ಜೋರಾಗಿದೆ, ಎಲ್ಲೋ ಮರಕ್ಕೆ ಸಿಡಿಲು ಹೊಡೆದಿದೆಯಂತೆ ಎಂದನೆಂದು ಪಕ್ಕದ ಮನೆಯವರು ಹೇಳಿದರು. ನಾನು ಮತ್ತೆ ಅಪ್ಪನ ನಂಬರಿಗೆ ಹಚ್ಚಿದೆ. ಅವ್ವ ರೊಟ್ಟಿ ಮುರಿದು, ಹಾಗೇ ತಟ್ಟೆಯಲ್ಲಿಟ್ಟಳು.

ಬೆಳಕು ಹರಿದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಅವ್ವ ಎತ್ತಲಿಲ್ಲ, ನನ್ನ ಕಡೆ ಚಾಚಿದಳು. ಆ ಕಡೆಯಿಂದ ಅಪ್ಪನ ದನಿ ಬಂದಾಗ ‘ಅಪ್ಪ’ ಎಂದು ಅವ್ವನಿಗೆ ಕೂಗಿ ಹೇಳಿದೆ. ಇಬ್ಬರ ಫೋನೂ ನೆನೆದು ಕೆಟ್ಟಿದ್ದರಿಂದ ಹೊಲದವರ ಫೋನಿನಲ್ಲಿ ಮಾತಾಡುತ್ತಿದ್ದ. ಇಬ್ಬರೂ ಕಂಬಳಿ ಹೊದ್ದು ಬಯಲಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರಂತೆ. ನಾನು ಹೇಳಿದಂತೆ ಮರಿಗಳನ್ನೂ ಬುಟ್ಟಿ ಸಮೇತ ಬಯಲಿಗೆ ತಂದಿದ್ದರು. ಅಲ್ಲಿ ನೀರು ನಿಂತು ಬುಟ್ಟಿಯ ಕೆಳಗೆಲ್ಲ ಕೆಸರಾಗಿ, ಚಳಿಗೆ ಮೂರು ಮರಿ ಸತ್ತಿದ್ದವು.

“ಬೇವಿನ ಮರಕ್ಕೆ ಏನೂ ಆಗಿಲ್ಲ,” ಎಂದ ಅಪ್ಪ. “ಅದ್ರ ಬುಡ ಎತ್ತರಾಗೈತೆ, ನೀರು ನಿಂತಿಲ್ಲ. ಅಲ್ಲೇ ಬಿಟ್ಟಿದ್ರೆ ಉಳೀತಿದ್ವು.”

ಬೈಗುಳವಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ದಿನದ ಮುನ್ಸೂಚನೆ ನನ್ನ ಮುಂದೆಯೇ ಇತ್ತು: ನ್ಯಾಮತಿ, ಇವತ್ತೂ ಸಿಡಿಲು, ಭಾರಿ ಮಳೆ. ಓದಿ ಹೇಳಿದೆ. ಮರದ ಮಾತನ್ನೂ ಮತ್ತೆ ಹೇಳಿದೆ.

ಅಪ್ಪ, ಅವ್ವ ಊಟ ಮಾಡಿದಳೇ ಎಂದು ಕೇಳಿ, ಫೋನನ್ನು ಅದರ ಯಜಮಾನನಿಗೆ ಕೊಟ್ಟುಬಿಟ್ಟ.