ಕೀಲೆಣ್ಣೆ ಅತ್ತೆ ಮತ್ತು ಬೇಕರಿಯ ನಟ್ಟು

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಸ್ಪ್ಯಾನರ್ ಹಿಡಿದು ನಿವೃತ್ತಳಾದ ಆಕೆಯನ್ನು ಬೀದಿಯವರೆಲ್ಲ ಕರೆಯುವುದು ಕೀಲೆಣ್ಣೆ ಅತ್ತೆ ಎಂದೇ. ಇಟ್ಟವರು ಗೇಲಿಗೆ ಇಟ್ಟ ಹೆಸರು. ಆಕೆ ಅದನ್ನು ಬಿರುದಾಗಿ ಇಟ್ಟುಕೊಂಡಳು. ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ಅಲುಗದ ನಟ್ಟು ಎಲ್ಲಿದ್ದರೂ ಆಕೆಗೆ ಕರೆ ಬರುತ್ತಿತ್ತು.

ಆಕೆಯ ಕ್ರಮ ನೋಡಿದವರಿಗೆ ನಗು ಬರುತ್ತಿತ್ತು. ಕೆಮ್ಮಿನ ಔಷಧಿಯ ಹಳೇ ಸೀಸೆಯಲ್ಲಿ ಅರ್ಧ ಗೇರ್ ಎಣ್ಣೆ, ಅರ್ಧ ಥಿನ್ನರ್. ಚೆನ್ನಾಗಿ ಕುಲುಕಿ ನಟ್ಟಿನ ಬುಡಕ್ಕೆ ನಾಲ್ಕು ಹನಿ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೈ ಒರೆಸಿಕೊಂಡು ಮನೆಗೆ ಹೊರಟುಬಿಡುತ್ತಿದ್ದಳು. ಮರುದಿನ ಬಂದು ಮೊದಲು ಕೂದಲೆಳೆಯಷ್ಟು ಬಿಗಿಸುವುದು, ಬಿಚ್ಚುವುದು ಆಮೇಲೆ. ತುಕ್ಕಿನ ಹಿಡಿತ ಸಡಿಲವಾಗುವುದೇ ಆ ಒಂದೆಳೆಯಲ್ಲಿ ಎಂಬುದು ಆಕೆಯ ವಾದ. ಬಿಚ್ಚೋಕೆ ಕರೆದರೆ ಬಿಗಿಸ್ತಾಳಲ್ಲಪ್ಪ ಎಂದು ನಕ್ಕ ಮೇಸ್ತ್ರಿಗಳ ಕೈಯಲ್ಲಿ ಬೋಲ್ಟುಗಳು ಪಟಪಟ ಮುರಿದವು, ಆಕೆಯ ಕೈಯಲ್ಲಿ ಒಂದೂ ಮುರಿಯಲಿಲ್ಲ. ಇದನ್ನು ಆಕೆಯೇ ದಿನಕ್ಕೆರಡು ಸಲ ಹೇಳುತ್ತಿದ್ದಳು. ವಿನಯ ಆಕೆಯ ಜಾಯಮಾನವಲ್ಲ.

ಅಣ್ಣನ ಮಗಳು ಹಳೇ ಬೇಕರಿಯೊಂದನ್ನು ವಹಿಸಿಕೊಂಡು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಹಿಟ್ಟು ಕಲಸುವ ಯಂತ್ರದ ಬೇರಿಂಗ್ ಕೈಕೊಟ್ಟಿತು. ಹೊಸದನ್ನು ಕೂರಿಸಲು ಶಾಫ್ಟಿನ ತುದಿಯ ದೊಡ್ಡ ನಟ್ಟು ಬಿಚ್ಚಬೇಕು. ಯಂತ್ರವೋ ಅಜ್ಜನ ಕಾಲದ್ದು. ಶಾಫ್ಟ್ ಮುರಿದರೆ ಇನ್ನೊಂದು ಸಿಗುವುದಿಲ್ಲ, ಬೇಕರಿಗೆ ಬೀಗವೇ ಗತಿ. ಹುಡುಗಿಯ ಗಂಡ ನಟ್ಟಿಗೆ ಗ್ಯಾಸಿನ ಬೆಂಕಿ ಹಿಡಿಯೋಣವೇ ಎಂದ. ಥಿನ್ನರ್ ಇರುವಲ್ಲಿ ಬೆಂಕಿ ತಂದರೆ ಮೊದಲು ಹೋಗುವುದು ನಿನ್ನ ಮೀಸೆ ಎಂದು ಅತ್ತೆ ಅಳಿಯನ ಬಾಯಿ ಮುಚ್ಚಿಸಿದಳು.

"ನಾಳೆ ಬಿಚ್ಚಿರುತ್ತೆ. ಆಮೇಲೆ ನೀನು ನಿಶ್ಚಿಂತೆಯಿಂದ ಓವನ್ ಹೊತ್ತಿಸು," ಎಂದಳು ಸೊಸೆಗೆ, ನಟ್ಟಿನ ಬುಡಕ್ಕೆ ನಾಲ್ಕು ಹನಿ ಬಿಟ್ಟು.

ಮರುದಿನ ಬಿಚ್ಚಲಿಲ್ಲ. ಮತ್ತೆ ಎಣ್ಣೆ ಬಿದ್ದಿತು. ಅದರ ಮರುದಿನವೂ ಅದೇ ಹಾಡು. ಗಾಜಿನ ಕಪಾಟು ಖಾಲಿ ಕುಳಿತಿತ್ತು, ಬ್ರೆಡ್ಡಿಗೆ ಬಂದವರು ಇಣುಕಿ ನೋಡಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಮೂರನೆಯ ಬೆಳಿಗ್ಗೆಯೂ ಬಿಚ್ಚದಿದ್ದಾಗ ಅತ್ತೆಯ ಪಿತ್ತ ನೆತ್ತಿಗೇರಿತು. ಜೀವಮಾನವಿಡೀ ಬೇರೆಯವರನ್ನು ಯಾವುದಕ್ಕೆ ಬೈದಿದ್ದಳೋ ಅದನ್ನೇ ಕೇಳಿದಳು: ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಲು ಉದ್ದದ ಕಬ್ಬಿಣದ ಪೈಪು. ಅಳಿಯ ಖುಷಿಯಿಂದ ತಂದ. ಇಬ್ಬರೂ ಸೇರಿ ಜೋತು ಬೀಳಲು ಸಿದ್ಧರಾದರು.

"ಅತ್ತೆ, ಸ್ವಲ್ಪ ತಾಳಿ," ಎಂದಳು ಹುಡುಗಿ. "ಮೂರು ದಿನದಿಂದ ನೋಡ್ತಾ ಇದೀನಿ. ನೀವು ಬಿಗಿಸುವಾಗ ಅದು ಅಲುಗುತ್ತೆ. ಬಿಚ್ಚೋಕೆ ಹೋದ್ರೆ ಮಾತ್ರ ಕಲ್ಲಿನ ಹಾಗೆ ಕೂತಿರುತ್ತೆ. ಯಾಕೆ?"

ಹಿಟ್ಟು ಕಲಸುವವಳಿಗೆ ಇದೆಲ್ಲ ತಿಳಿಯೋದಿಲ್ಲ ಎಂಬ ಮಾತು ಅತ್ತೆಯ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಡಿಪೋದ ಹಳೇ ಬಸ್ಸುಗಳ ಎಡಗಡೆಯ ಚಕ್ರಗಳು ಕಣ್ಣ ಮುಂದೆ ಬಂದವು. ಅವುಗಳ ನಟ್ಟುಗಳದ್ದೂ ಇದರಂತೆಯೇ ಉಲ್ಟಾ ತಿರುಪು. ಬಲಕ್ಕೆ ತಿರುಗಿಸಿದರೇ ಬಿಚ್ಚುವುದು. ಅಂಥವನ್ನು ಸಾವಿರ ಬಿಚ್ಚಿದವಳು, ಇಲ್ಲಿ ಮೂರು ದಿನ ಬಿಚ್ಚುತ್ತೇನೆಂದು ಮೈಯ ಬಲವನ್ನೆಲ್ಲ ಹಾಕಿ ಬಿಗಿಸಿದ್ದಳು. ಈ ಪೈಪಿನಿಂದ ಒಂದು ಸಲ ಎಳೆದಿದ್ದರೆ ಶಾಫ್ಟ್ ಎರಡು ತುಂಡು, ಅದರ ಜೊತೆಗೆ ಹುಡುಗಿಯ ಅನ್ನವೂ.  

ಅತ್ತೆ ಪೈಪನ್ನು ತೆಗೆದು ಹೊರಗೆ ಎಸೆದಳು. ಸ್ಪ್ಯಾನರನ್ನು ಸೊಸೆಯ ಕೈಗಿಟ್ಟಳು.

"ನೀನೇ ತಿರುಗಿಸು. ಬಲಕ್ಕೆ."

ನಟ್ಟು ಕಿರ್ ಎಂದು ಒಮ್ಮೆ ಗೊಣಗಿ, ಆಮೇಲೆ ಬೆರಳಲ್ಲೇ ತಿರುಗುವಷ್ಟು ಸಲೀಸಾಗಿ ಬಂದುಬಿಟ್ಟಿತು. ಎಣ್ಣೆ ಮೊದಲ ರಾತ್ರಿಯೇ ತನ್ನ ಕೆಲಸ ಮುಗಿಸಿತ್ತು.

ಹೊಸ ಬೇರಿಂಗ್ ಕೂತು ಯಂತ್ರ ತಿರುಗಿತು. ಸಂಜೆ ಬ್ರೆಡ್ಡು ಕೊಳ್ಳಲು ನಿಂತವರಿಗೆಲ್ಲ ಅತ್ತೆ ಎಂದಿನ ಗತ್ತಿನಲ್ಲೇ ಕಥೆ ಹೇಳಿದಳು. ನನ್ನ ಕೈಯಲ್ಲಿ ಒಂದೂ ಮುರಿದಿಲ್ಲ ಎಂದು ಶುರು ಮಾಡಿ, ಗಲ್ಲಾದ ಹಿಂದೆ ನಿಂತವಳತ್ತ ಒಮ್ಮೆ ನೋಡಿದಳು.

"ಒಂದು ಮುರೀತಿತ್ತು. ಇವಳು ಬಿಡಲಿಲ್ಲ," ಎಂದು ಎಣ್ಣೆಯ ಸೀಸೆಯನ್ನು ಹುಡುಗಿಯ ಮುಂದಿಟ್ಟು, ಒಂದು ಬ್ರೆಡ್ಡು ಎತ್ತಿಕೊಂಡು ಮನೆಗೆ ಹೊರಟಳು.