ಮೆಟ್ಟಿಲಿಲ್ಲದ ಮನೆ

ಮಾಜಿ ಸೈನಿಕರ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಗೋಡೆಗೆ ಒತ್ತಿ ಒಂದು ಕಬ್ಬಿಣದ ಬೆಂಚು ಇದೆ. ಅದನ್ನು ವೆಲ್ಡಿಂಗ್ ಮಾಡಿ ತಂದು ಹಾಕಿದವನು ನಾನು. ಮಂಗಳವಾರ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನನ್ನ ಅತ್ತಿಗೆ ಬಂದು ಅದರ ಮೇಲೆ ಕೂರುತ್ತಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಕಿವಿಯ ಹಿಂದೆ ಪೆನ್ಸಿಲ್, ಬಲಗೈ ಮಣಿಕಟ್ಟು ಕೊಂಚ ಸೊಟ್ಟ. ಅಂಗವೈಕಲ್ಯದ ಅರ್ಜಿ ತಿರಸ್ಕಾರವಾಗಿ ಮುಖ ಒಣಗಿಸಿಕೊಂಡು ಹೊರಬಂದವರಿಗೆ ಮೊದಲು ಕಣ್ಣಿಗೆ ಬೀಳುವವರು ಅವರೇ.

"ಕೂತ್ಕೊಳ್ಳಿ. ಪತ್ರ ಕೈಗೆ ಸಿಕ್ಕಿದ್ದು ಯಾವತ್ತು? ಲಕೋಟೆ ಎಲ್ಲಿ?" ಇದು ಮೊದಲ ಪ್ರಶ್ನೆ. ಲಕೋಟೆ ಎಸೆದು ಬಂದವರಿಗೆ ಬೈಗುಳ ಖಚಿತ, ಯಾಕೆಂದರೆ ಅಪೀಲಿನ ಗಡುವು ಅದರ ಮೇಲಿನ ಅಂಚೆ ಮುದ್ರೆಯಿಂದ ಎಣಿಕೆಯಾಗುತ್ತದೆ. "ಸೈನ್ಯ ಬಿಡೋವಾಗ ಡಾಕ್ಟರು ಕೇಳಿದ್ರಲ್ಲ, ಏನಂದ್ರಿ?" ಇದು ಎರಡನೆಯದು. ಎಂಥ ಮೀಸೆಯ ಗಂಡಸಾದರೂ ಆಗ ನೆಲ ನೋಡುತ್ತಾನೆ. ಎಲ್ಲರೂ ಹೇಳಿರುವುದು ಒಂದೇ, "ಚೆನ್ನಾಗಿದ್ದೀನಿ ಸರ್." ಬೇಗ ಮನೆ ಸೇರುವ ಆಸೆ, ನೋವು ಅಂದರೆ ನಾಚಿಕೆ. ಜೊತೆಯಲ್ಲಿ ಹೆಂಡತಿ ಬಂದಿದ್ದರೆ ಅತ್ತಿಗೆ ಗಂಡನನ್ನು ಟೀ ತರಲು ಕಳಿಸಿ, ಸ್ವರ ತಗ್ಗಿಸಿ ಮೂರನೆಯದನ್ನು ಕೇಳುತ್ತಾರೆ. "ನಿನ್ನ ಆಸ್ಪತ್ರೆ ಚೀಟೀಲಿ ಏನಂತ ಬರೆಸಿದೀಯಮ್ಮ?"

ಆ ಮೂರನೆಯ ಪ್ರಶ್ನೆ ಕಲಿಯಲು ನಮಗೆ ಆರು ವರ್ಷ ಹಿಡಿಯಿತು. ಅದರಲ್ಲಿ ನನ್ನ ಪಾಲಿನ ತಪ್ಪು ದೊಡ್ಡದು, ಹಾಗಾಗಿ ನಾನೇ ಹೇಳಬೇಕು.

ನನ್ನಣ್ಣ ಸೈನ್ಯದಲ್ಲಿ ನೆಲಬಾಂಬು ಹುಡುಕಿ ತೆಗೆಯುವವನು. ಹೊಟ್ಟೆಯ ಮೇಲೆ ಮಲಗಿ, ತೆಳ್ಳನೆಯ ಸಲಾಕೆಯಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತ ಗೇಣುಗೇಣಾಗಿ ಮುಂದೆ ಹೋಗುವ ಕೆಲಸ. ನೋಡಿ ಮುಗಿಸಿದ ದಾರಿಯ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುತ್ತಾರೆ. ಪಟ್ಟಿಯ ಒಳಗೆ ಬದುಕು, ಹೊರಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ರಜೆಗೆ ಬಂದಾಗ ಇದನ್ನೆಲ್ಲ ತಮಾಷೆ ಮಾಡಿ ಹೇಳುತ್ತಿದ್ದ. ಬೀದಿಗೆಲ್ಲ ಅಡ್ಡಹೆಸರಿಟ್ಟವನು ಅವನೇ. ನನಗೆ 'ಕಿಡಿ' ಎಂದಿಟ್ಟ. ವೆಲ್ಡಿಂಗ್ ಕೆಲಸಕ್ಕೂ ಸರಿ, ಸಿಟ್ಟಿಗೂ ಸರಿ.

ಬಿಡುಗಡೆಯಾಗಿ ಬಂದ ಮೂರನೇ ತಿಂಗಳು. ನೀರಿನ ಕೊಳವೆ ಹಾಕುವವರು ನಮ್ಮ ಹಿತ್ತಲನ್ನು ಅಗೆದು, ಮಣ್ಣು ಎಳೆದು ಹೋಗಿದ್ದರು. ಅತ್ತಿಗೆ ಬಟ್ಟೆಯ ಬಕೆಟ್ ಹಿಡಿದು ಆ ಸಡಿಲ ಮಣ್ಣಿನ ಮೇಲೆ ಕಾಲಿಟ್ಟರು, ಅಷ್ಟೆ. ಅಣ್ಣ ಹಿಂದಿನಿಂದ ಹಾರಿ, ಕತ್ತಿಗೆ ತೋಳು ಹಾಕಿ ಅವರನ್ನು ಹಿಂದಕ್ಕೆ ಎಸೆದ. ತಲೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು. ಅವರ ಗಂಟಲ ಮೇಲೆ ಮೊಣಕಾಲೂರಿ "ಪಟ್ಟಿ ದಾಟಬೇಡ, ಪಟ್ಟಿ ದಾಟಬೇಡ" ಎಂದು ಕಿರುಚುತ್ತಿದ್ದ. ಪಕ್ಕದ ನನ್ನ ಅಂಗಡಿಯಿಂದ ಓಡಿದೆ. ಎಳೆದರೆ ಅಲುಗಾಡಲಿಲ್ಲ. ಅತ್ತಿಗೆಯ ಕಣ್ಣು ಮೇಲಾಗುತ್ತಿತ್ತು. ಕೈಗೆ ಸಿಕ್ಕ ಪೈಪಿನಿಂದ ನನ್ನ ಒಡಹುಟ್ಟಿದವನ ಬೆನ್ನಿಗೆ ಎರಡು ಬಾರಿಸಿದೆ. ಅವನು ಪಕ್ಕಕ್ಕೆ ಉರುಳಿ, ಹಾಗೇ ಹೆಣದಂತೆ ನಿದ್ದೆ ಹೋದ. ಮೂರು ಗಂಟೆಯ ಮೇಲೆ ಎದ್ದು ಹೆಂಡತಿಯ ತಲೆಯ ಬ್ಯಾಂಡೇಜು ನೋಡಿ, "ಏನಾಯ್ತೇ ಇದು?" ಎಂದು ಕೇಳಿದ. ನಾಟಕವಲ್ಲ. ನಿಜವಾಗಿಯೂ ಅವನಿಗೆ ಏನೂ ನೆನಪಿರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು ಹನ್ನೊಂದು ಹೊಲಿಗೆ ಹಾಕಿ, ಪೆನ್ನು ಹಿಡಿದು ಹೇಗಾಯಿತು ಎಂದು ಕೇಳಿದ್ದರು. ಅತ್ತಿಗೆಯ ಬಾಯಿಗೆ ಬೀಗ. ಆ ವಾರ ನಾನು ಯಾರದೋ ಮನೆಯ ಮೆಟ್ಟಿಲಿಗೆ ಕಂಬಿ ಹಾಕುತ್ತಿದ್ದೆ. ತಲೆಯಲ್ಲಿದ್ದುದೇ ಬಾಯಿಗೆ ಬಂತು.

"ಮೆಟ್ಟಿಲಿಂದ ಬಿದ್ರು."

"ಮನೆ ಮೆಟ್ಟಿಲಾ?"

"ಹೂಂ ಸರ್."

ನಮ್ಮ ಮನೆಗೆ ಮೆಟ್ಟಿಲಿಲ್ಲ. ಒಂದೇ ಅಂತಸ್ತು, ಬೀದಿಯಿಂದ ಸೈಕಲ್ಲನ್ನು ನೇರ ಒಳಗೆ ಉರುಳಿಸಬಹುದು. ಅಣ್ಣನಿಗಂತೂ ಅದು ಗೊತ್ತು. ಹಾಗಾಗಿ ಅವನಿಗೆ ಬೇರೆ ಸುಳ್ಳು ಹೇಳಿದೆ, ನನ್ನ ಅಂಗಡಿಯ ಅಟ್ಟದ ಮೆಟ್ಟಿಲಿಂದ ಬಿದ್ದರು ಅಂತ.

ಆರು ವರ್ಷದಲ್ಲಿ ಒಂಬತ್ತು ಸಲ. ಅತ್ತಿಗೆಯ ಭುಜದ ಎಲುಬು ಮುರಿಯಿತು, ಎರಡು ಪಕ್ಕೆಲುಬು ಹೋದವು, ಮುಂದಿನ ಹಲ್ಲು ಹೋಯಿತು. ಒಂದು ಕಿವಿ ಈಗಲೂ ಸರಿಯಾಗಿ ಕೇಳಿಸುವುದಿಲ್ಲ. ಪ್ರತಿ ಸಲವೂ ಅತ್ತಿಗೆ, ಅಣ್ಣ ನೋಡಿ ಮುಗಿಸದ ನೆಲದ ಮೇಲೆ ಕಾಲಿಟ್ಟಾಗ. ಪ್ರತಿ ಸಲವೂ ಅದೇ ಕಿರುಚಾಟ, ಅದೇ ನಿದ್ದೆ, ಅದೇ ಮರೆವು. ಒಂಬತ್ತು ಚೀಟಿಯಲ್ಲೂ ಮೆಟ್ಟಿಲು.

ಅಣ್ಣ ಬೈಯುತ್ತಿದ್ದುದು ನನಗೆ. "ಲೋ ಕಿಡಿ, ಊರಿನವರ ಮೆಟ್ಟಿಲಿಗೆಲ್ಲ ಕಂಬಿ ಹಾಕ್ತೀಯ, ನಿಮ್ಮತ್ತಿಗೆ ಬೀಳೋ ಮೆಟ್ಟಿಲು ಕಾಣಲ್ವಾ ನಿಂಗೆ?" ಒಂದು ದಿನ ಸುತ್ತಿಗೆ ಹಿಡಿದು ಬಂದು ಅಟ್ಟದ ಹಳೆಯ ಮೆಟ್ಟಿಲನ್ನು ಹೊಡೆದು ಕೆಡವಿದ. ಎರಡು ದಿನ ಕೂತು ಹೊಸದು ಕಟ್ಟಿದ. ಹಿಡಿಯಲು ಕಂಬಿ ಹಾಕಿ, ಹೆಂಡತಿಯ ಕೈಗೆ ಚುಚ್ಚದಿರಲಿ ಎಂದು ಅಂಚನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ನಾನೊಬ್ಬ ಹೇಡಿ.

ಕೊನೆಗೆ ಊರಿನ ಡಾಕ್ಟರೊಬ್ಬರು ಅಣ್ಣನ ತಲೆಯ ಸ್ಕ್ಯಾನ್ ಮಾಡಿಸಿ, ಇದು ಹಳೆಯ ಪೆಟ್ಟು, ಸೈನ್ಯದ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಾರ್ಡು ಇದೆ ಎಂದರು. ಅಲ್ಲಿ ಸೇರಿಸಬೇಕಾದರೆ ಪೆಟ್ಟು ಸೇವೆಯಲ್ಲೇ ಆದದ್ದೆಂದು ಕಚೇರಿ ಒಪ್ಪಬೇಕು. ಅರ್ಜಿ ಹಾಕಿದೆವು. ಉತ್ತರ ಬಂತು: ಬಿಡುಗಡೆಯ ತಪಾಸಣೆಯಲ್ಲಿ ಅರ್ಜಿದಾರರು ಯಾವ ತೊಂದರೆಯನ್ನೂ ಹೇಳಿಲ್ಲ, ಮನೆಗೆ ಬಂದ ಮೇಲೂ ಕಾಯಿಲೆಯ ದಾಖಲೆಯಿಲ್ಲ, ತಿರಸ್ಕರಿಸಲಾಗಿದೆ.

ನಾನು ಕಚೇರಿಗೆ ನುಗ್ಗಿದೆ. ಕೌಂಟರಿನ ಗುಮಾಸ್ತ ತಲೆ ಎತ್ತದೆ, "ನಿಮ್ಮಣ್ಣನೇ ಚೆನ್ನಾಗಿದ್ದೀನಿ ಅಂದವ್ರೆ, ನಾನೇನ್ ಮಾಡ್ಲಿ?" ಎಂದ. ಗಾಜಿಗೆ ಗುದ್ದಿದೆ. ಅದು ಒಡೆದು ನನ್ನ ಅಂಗೈ ಸೀಳಿತು, ರಕ್ತ ಅವನ ರಿಜಿಸ್ಟರಿನ ಮೇಲೆ ಚಿಮ್ಮಿತು. ಕಾವಲುಗಾರರಿಬ್ಬರು ನನ್ನನ್ನು ದರದರ ಎಳೆದು ಬೀದಿಗೆ ನೂಕಿದರು.

ಹೊರಗೆ ಕಾದಿದ್ದ ಅತ್ತಿಗೆ ನನ್ನ ಕೈಗೆ ಬಟ್ಟೆ ಸುತ್ತುತ್ತ, "ಸಮಾಧಾನ ಆಯ್ತಾ?" ಎಂದರು. "ಗಾಜು ಒಡೆದಿದ್ದಕ್ಕೆ ಅರ್ಜಿ ಪಾಸ್ ಮಾಡ್ತಾರೇನು? ಅವರು ಯಾಕೆ ಆಗಲ್ಲ ಅಂದಿದಾರೆ, ಅದನ್ನ ಮೊದಲು ಓದು. ಅದಕ್ಕೆ ಉತ್ತರ ಬರೀಬೇಕು ಕಣಪ್ಪ, ನಮ್ಮ ಗೋಳನ್ನಲ್ಲ."

ಅವರೇ ಓದಿದರು. ಪೆನ್ಸಿಲ್ ಹಿಡಿದು ಸಾಲಿನಡಿ ಗೆರೆ ಎಳೆದರು. ಅಣ್ಣನ ಇಡೀ ಫೈಲಿನ ನಕಲು ಕೇಳಿ ಪಡೆದರು. ಅದರಲ್ಲಿ ಅವನ ತುಕಡಿಯ ನಾಯಕನ ಹೆಸರು ಸಿಕ್ಕಿತು. ಆತ ಈಗ ಗೋದಾಮೊಂದರ ಕಾವಲುಗಾರ. ನಾವಿಬ್ಬರೂ ಹುಡುಕಿಕೊಂಡು ಹೋದೆವು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ನಮ್ಮನ್ನು ಕೂರಿಸಿ ಟೀ ಕೊಟ್ಟು, ಆತ ಹೇಳಿದ.

"ನಿಮ್ಮೆಜಮಾನ್ರ ಜೊತೆಗಾರ ಒಬ್ಬ ಇದ್ದ. ಒಂದೇ ತಟ್ಟೇಲಿ ಉಣ್ಣೋರು ಇಬ್ರೂ. ಆವತ್ತು ಅವನು ಬಾಟ್ಲಿಗೆ ನೀರು ತುಂಬ್ಕೊಳಕ್ಕೆ ಅಂತ ಒಂದು ಹೆಜ್ಜೆ ಆಚೆ ಇಟ್ಟ. ಒಂದೇ ಹೆಜ್ಜೆ ತಾಯಿ. ಇವರು ಕೂಗಿ, ಹಾರಿ ಅವನ ತೋಳು ಹಿಡಿದ್ರು. ಸಿಡಿದ ಮೇಲೆ ಇವರ ಕೈಯಲ್ಲಿದ್ದಿದ್ದು ತೋಳು ಮಾತ್ರ. ಇವರ ತಲೆ ಬಂಡೆಗೆ ಬಡಿದು ಒಂದು ಹಗಲು ಒಂದು ರಾತ್ರಿ ಎಚ್ಚರ ಇರ್ಲಿಲ್ಲ. ಎದ್ದೋರು ಚೆನ್ನಾಗಿದ್ದೀನಿ ಅಂದ್ರು. ನಾವೂ ಬರ್ಕೊಂಡ್ವಿ."

"ಏನಂತ ಕೂಗಿದ್ರು?" ಅತ್ತಿಗೆ ಕೇಳಿದರು.

"ಪಟ್ಟಿ ದಾಟಬೇಡ ಅಂತ."

ಅತ್ತಿಗೆ ಟೀ ಲೋಟ ಕೆಳಗಿಟ್ಟರು. ಆಮೇಲೆ ಚೀಲದಿಂದ ಹಾಳೆ ತೆಗೆದು, "ಇಷ್ಟನ್ನೂ ಬರೆದು ಸಹಿ ಹಾಕ್ಕೊಡಿ," ಎಂದರು.

ಸೇವೆಯಲ್ಲಿ ಪೆಟ್ಟಾಯಿತು ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಮನೆಗೆ ಬಂದಾಗಿನಿಂದ ಕಾಯಿಲೆ ಇದೆ ಎಂಬುದಕ್ಕೆ? ಅತ್ತಿಗೆ ಅಕ್ಕಿ ಡಬ್ಬದ ಹಿಂದಿನಿಂದ ಒಂಬತ್ತು ಚೀಟಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ದಿನಾಂಕ, ಗಾಯದ ಅಳತೆ, ಸರ್ಕಾರಿ ಮೊಹರು, ಎಲ್ಲ ಇತ್ತು. ಬೇಕಾಗಿದ್ದ ದಾಖಲೆ ಆರು ವರ್ಷದಿಂದ ಮನೆಯಲ್ಲೇ ಇತ್ತು. ಅದನ್ನು ನಾವೇ ಹಾಳು ಮಾಡಿಟ್ಟಿದ್ದೆವು.

"ನಿಜ ಹೇಳಿದ್ರೆ ಅಣ್ಣನ ಎದುರಿಗೇ ಹೇಳಬೇಕಾಗುತ್ತೆ ಅತ್ತಿಗೆ. ಅವನು ತಡ್ಕೊಳಲ್ಲ."

"ಹೇಳದೇ ಇದ್ರೆ ಹತ್ತನೇ ಚೀಟಿ ಹೊತ್ತಿಗೆ ನಾನಿರಲ್ಲ ಕಣೋ ಕಿಡಿ." ಅವರು ಚೀಟಿಗಳನ್ನು ಜೋಡಿಸಿಕೊಂಡರು. "ಕಾಯಿಲೆ ಅವರದು, ಗೊತ್ತು. ಒದೆ ತಿಂದಿದ್ದು ಮಾತ್ರ ನಾನು. ನನಗೂ ಬದುಕಬೇಕು ಅನ್ಸುತ್ತೆ."

ಅಪೀಲಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು. ನಡುವೆ ಅಧ್ಯಕ್ಷೆ, ಕನ್ನಡಕ ಮೂಗಿನ ತುದಿಯಲ್ಲಿ. ಒಂದು ಬದಿಗೆ ಸೈನ್ಯದ ಡಾಕ್ಟರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ನಮ್ಮ ಮಧ್ಯೆ ಕೂತಿದ್ದ. ಅಧ್ಯಕ್ಷೆ ಚೀಟಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು.

"ಎಲ್ಲದರಲ್ಲೂ ಮನೆ ಮೆಟ್ಟಿಲಿಂದ ಬಿದ್ದಿದ್ದು ಅಂತಿದೆಯಲ್ಲಮ್ಮ. ಇದಕ್ಕೂ ನಿಮ್ಮ ಯಜಮಾನರ ಕಾಯಿಲೆಗೂ ಏನು ಸಂಬಂಧ?"

"ನಮ್ಮ ಮನೆಗೆ ಮೆಟ್ಟಿಲೇ ಇಲ್ಲ ಮೇಡಂ."

ಮನೆಯ ಪತ್ರ, ನಾಲ್ಕೂ ಕಡೆಯ ಫೋಟೋ ಮೇಜಿನ ಮೇಲೆ ಬಂದವು. ನಾನು ಎದ್ದು ನಿಂತು, ಸುಳ್ಳು ಹೇಳಿದವನು ನಾನು, ಒಂಬತ್ತು ಸಲ ಹೇಳಿದೆ ಎಂದೆ. ಆಮೇಲೆ ಅತ್ತಿಗೆ ಹೇಳಿದರು. ಯಾವ ದಿನ, ಎಲ್ಲಿ ಕಾಲಿಟ್ಟೆ, ಎಲ್ಲಿ ಎಸೆದರು, ಯಾವ ಎಲುಬು ಮುರಿಯಿತು, ಏನು ಕೂಗಿದರು. ಅಳಲಿಲ್ಲ, ಎಲ್ಲೂ ತಡವರಿಸಲಿಲ್ಲ. ನಾಯಕನ ಪತ್ರ ಓದಿದ ಡಾಕ್ಟರು ಪೆನ್ನು ಕೆಳಗಿಟ್ಟು ಅಣ್ಣನನ್ನೇ ನೋಡಿದರು. ಅಣ್ಣ ಹೆಂಡತಿಯ ಬಾಯನ್ನೇ ನೋಡುತ್ತಿದ್ದ.

"ನೀವು ಹೇಗಿದ್ದೀರಿ?" ಅಧ್ಯಕ್ಷೆ ಅವನನ್ನು ಕೇಳಿದರು.

ಅಣ್ಣ ಥಟ್ಟನೆ ಎದ್ದು ನೆಟ್ಟಗೆ ನಿಂತ. "ಚೆನ್ನಾಗಿದ್ದೀನಿ, ಮೇಡಂ," ಎಂದ.

ಹೊರಗೆ ಬಸ್ ನಿಲ್ದಾಣದವರೆಗೆ ಮೂವರೂ ನಡೆದೆವು. ಅಲ್ಲಿ ಅವನು ನನ್ನ ಕಡೆ ತಿರುಗಿದ.

"ನಿನ್ನ ಅಂಗಡಿ ಮೆಟ್ಟಿಲು?"

"ಅಲ್ಲಣ್ಣ."

"ಒಂದ್ಸಲನೂ?"

"ಇಲ್ಲ."

ಕಪಾಳಕ್ಕೆ ಬಿಟ್ಟ. ಕಣ್ಣು ಕತ್ತಲಾಯಿತು. ಮತ್ತೊಂದು ಬಿಟ್ಟ. ಹೊಡಿ ಅಣ್ಣ, ಬೇಕಾದಷ್ಟು ಹೊಡಿ ಎಂದು ಮುಖ ಕೊಟ್ಟು ನಿಂತೆ. ಅವನು ನನ್ನನ್ನು ಬಿಟ್ಟು ನಿಲ್ದಾಣದ ಗೋಡೆಗೆ ತನ್ನ ಹಣೆ ಚಚ್ಚಿಕೊಳ್ಳತೊಡಗಿದ. ಇಸ್ತ್ರಿ ಅಂಗಿಯ ಮೇಲೆಲ್ಲ ರಕ್ತ. ಬಸ್ಸಿಗೆ ಕಾಯುತ್ತಿದ್ದ ಮೂವರು ಸೇರಿ ಹಿಡಿದುಕೊಂಡರೂ ನಿಲ್ಲಲಿಲ್ಲ. ಅತ್ತಿಗೆ ಗೋಡೆಗೂ ಅವನ ಹಣೆಗೂ ನಡುವೆ ತಮ್ಮ ಅಂಗೈ ಇಟ್ಟಾಗ ನಿಂತ.

ಅಪೀಲು ಪಾಸಾಯಿತು. ವಾರ್ಡಿನಲ್ಲಿ ಹನ್ನೆರಡು ದಿನದ ನಂತರ ಹಾಸಿಗೆ ಕೊಡುತ್ತೇವೆ ಎಂದು ಪತ್ರ ಬಂತು. ಆ ಹಾಸಿಗೆಯಲ್ಲಿ ಅವನು ಏಳು ತಿಂಗಳಿದ್ದ, ಈಗ ಎಷ್ಟೋ ವಾಸಿ. ಆದರೆ ಸೇರುವ ಮೊದಲು, ಪತ್ರ ಬಂದ ಒಂಬತ್ತನೇ ದಿನ ಮಧ್ಯಾಹ್ನ, ಒಂದು ಘಟನೆ ನಡೆಯಿತು.

ಅಂಗಡಿಯ ಮುಂದೆ ಲಾರಿಯವನು ಮರಳು ಸುರಿದು ಹೋಗಿದ್ದ. ಅತ್ತಿಗೆ ನನಗೆ ಊಟ ತರುತ್ತ ಅದನ್ನು ದಾಟಲು ಕಾಲೆತ್ತಿದರು. ನಾನು ವೆಲ್ಡಿಂಗ್ ಕನ್ನಡಕ ತೆಗೆಯುವಷ್ಟರಲ್ಲಿ ಅಣ್ಣ ಅವರನ್ನು ಎಳೆದು ಕಬ್ಬಿಣದ ರಾಶಿಯ ಮೇಲೆ ಎಸೆದಿದ್ದ. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಪೈಪು ಎತ್ತಿಕೊಂಡು ಓಡಿದೆ. ಹೊಡೆಯಬೇಕಾಗಲಿಲ್ಲ. "ಪಟ್ಟಿ..." ಎಂದವನು ಅಲ್ಲೇ ನಿಂತ. ಹೆಂಡತಿಯ ಕೈ ನೋಡಿದ, ತನ್ನ ಕೈ ನೋಡಿದ. ಈ ಸಲ ಅವನಿಗೆ ನಿದ್ದೆ ಬರಲಿಲ್ಲ. ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ತಾನೇ ನಡೆದ. ನಾನು ಹಿಂದೆ ಓಡಿದೆ.

ಅದೇ ಡಾಕ್ಟರು, ಅದೇ ಪೆನ್ನು.

"ಏನಾಯ್ತಮ್ಮ?"

ನೋವಿನಲ್ಲಿ ಅತ್ತಿಗೆಯ ಬಾಯಿಗೆ ಆರು ವರ್ಷದ ಅಭ್ಯಾಸವೇ ಬಂತು. "ಮೆಟ್ಟಿಲಿಂದ..."

ಅಣ್ಣ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತ.

"ನಾನು ಮಾಡಿದ್ದು ಸರ್. ಹಾಗಂತ ಬರ್ಕೊಳ್ಳಿ. ನಾನು ಚೆನ್ನಾಗಿಲ್ಲ."

ಡಾಕ್ಟರು ಒಮ್ಮೆ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಹೌದೆಂದು ತಲೆಯಾಡಿಸಿದರು. ಡಾಕ್ಟರು ಅಣ್ಣ ಹೇಳಿದಂತೆಯೇ ಬರೆದರು. ಆ ಹತ್ತನೇ ಚೀಟಿ ಈಗ ಅತ್ತಿಗೆಯ ಬಟ್ಟೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲಿದೆ. ಬೆಂಚಿಗೆ ಬಂದ ಹೆಂಗಸು ಮೂರನೇ ಪ್ರಶ್ನೆಗೆ ಉತ್ತರ ಕೊಡದೆ ಸೆರಗು ಎಳೆದುಕೊಂಡರೆ, ಅದನ್ನು ತೆಗೆದು ಅವಳ ಕೈಗೆ ಕೊಡುತ್ತಾರೆ.