ನೂರು ವರ್ಷದ ಹಾಳೆ

ನನ್ನ ನೌಕರಿ ಏನೆಂದು ಯಾರಾದರೂ ಕೇಳಿದರೆ ‘ಪ್ಲಾಸ್ಟಿಕ್ ಕಂಪನಿಯೊಳಗ ಅಸಿಸ್ಟಂಟ್’ ಎಂದು ಎದೆಯುಬ್ಬಿಸುತ್ತೇನೆ. ಖರೇ ಹೇಳಬೇಕೆಂದರೆ, ಏಜೆಂಟ್ ದಿಗಂಬರರಾಯರು ಕರೀ ಹಾಳೆ ಬಿಚ್ಚಿ ತೋರಿಸುವಾಗ ಅದರ ಇನ್ನೊಂದು ತುದಿ ಹಿಡಿದು ನಿಲ್ಲುವವ ನಾನು. ಕಾರ್ಖಾನೆಯ ಹೊಲಸು ಸುರಿಯುವ ಗುಂಡಿಯ ತಳಕ್ಕೆ, ವಿಷ ಮಣ್ಣಿಗಿಳಿಯದಂತೆ ಹಾಸುವ ಹಾಳೆ ಅದು. ಬೆಳಗಾವಿಯ ಯಾವ ಆಫೀಸಿಗೆ ಹೋದರೂ ರಾಯರು ಹಾಳೆಯ ತುಂಡನ್ನು ಜೋಳಿಗೆಯಂತೆ ಕಟ್ಟಿ, ತಂಬಿಗೆ ನೀರು ಹೊಯ್ದು, ಚಹಾ ಮುಗಿಯುವವರೆಗೆ ತೂಗಿಬಿಟ್ಟು, ‘ಒಂದ್ ಹನಿ ಸೋರೇತೇನ್ರಿ? ನೂರು ವರ್ಷ ಗ್ಯಾರಂಟಿ!’ ಎನ್ನುತ್ತಾರೆ. ಒಂದು ಬಶಿ ಚಹಾದೊಳಗೆ ನೂರು ವರ್ಷದ ಪರೀಕ್ಷೆ ಮುಗಿಸುವ ಮಹಾನುಭಾವರು! ನಾನೂ ತಲೆಯಾಡಿಸುತ್ತೇನೆ, ಪಗಾರ ಕೊಡುವುದೇ ಅದಕ್ಕೆ. ದೇಸೂರಿನ ಕಾರ್ಖಾನೆಯ ಗುಂಡಿಗೂ ನಮ್ಮದೇ ಹಾಳೆ ಹಾಸಿದ್ದೇವೆ; ಅಂಚಿನಲ್ಲಿ ಅದು ಬಿಸಿಲಿಗೇ ಬಿದ್ದಿದೆ. ಮೊನ್ನೆ ನಾವು ಅಲ್ಲಿಗೆ ಹೋದಾಗ ಕೆಳಗಿನ ಹೊಲದ ನಿಂಗವ್ವ ಓಡಿಬಂದು, ‘ಸಾಹೇಬ್ರ, ನಮ್ಮ ಕುಡಿಯೂ ನೀರಿನ ಬಾವಿ ಇಲ್ಲೇ ಐತ್ರಿ. ಇದು ಹರದ್ರ ಹೆಂಗ್ರಿ?’ ಎಂದಳು. ‘ಹರಿಯೂದಾ? ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಬಂದು ನೋಡ್ತಾರ ತಗೋ ಯವ್ವಾ,’ ಎಂದು ರಾಯರು ನಕ್ಕರು. ಅದೇ ವಾರ, ಮಳೆ ಹಿಡಿಯುವ ಮುಂಚೆ, ಖಾನಾಪುರದ ತಮ್ಮ ಮನೆಯ ಕಟ್ಟಿಗೆ ರಾಶಿ ಮುಚ್ಚಲು ನನ್ನನ್ನು ಕರೆದರು. ರಾಶಿಯ ಮೇಲೆ ಹೋದ ವರ್ಷ ಹೊದಿಸಿದ್ದೂ ನಮ್ಮ ಕಂಪನಿಯ ಅದೇ ಹಾಳೆ. ರಾಯರು ಎಳೆದರೆ ಹಪ್ಪಳದಂತೆ ಮುರಿಯಿತು. ‘ಇದನ್ನ ವರ್ಷಾ ವರ್ಷಾ ಬದಲೀ ಮಾಡಬೇಕಪಾ,’ ಎನ್ನುತ್ತ ಹೊಸದನ್ನು ಬಿಚ್ಚಿದರು. ‘ಮತ್ತ ದೇಸೂರಾಗ?’ ಎಂದೆ. ರಾಯರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ‘ಹುಚ್ಚಪ್ಪಾ, ಇಲ್ಲಿ ಕಟ್ಟಿಗಿ ತೋಯ್ದ್ರ ನಮ್ಮ ಮನಿ ಒಲಿ ಹತ್ತೂದಿಲ್ಲೋ!’